ಚೆನ್ನಾಗಿ ಆಡೋದು ಆಮೇಲೆ, ಮೊದಲು ಬೇಗ ಆಡಿ

ಪ್ರಶ್ನೆ: ನಾನು ಇರುವುದು ನವಿ ಮುಂಬೈಯ ಕಾಮೋಠೆಯಲ್ಲಿ. ಊರು ಹೊನ್ನಾವರದ ಕಡೆ. ವಯಸ್ಸು 47, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಆಫೀಸಿನ ಗೆಳೆಯರ ಜೊತೆ ನಾಲ್ಕೈದು ಸಲ ಡ್ರೈವಿಂಗ್ ರೇಂಜಿಗೆ (ಹೊಡೆತ ಅಭ್ಯಾಸ ಮಾಡುವ ಮೈದಾನ) ಹೋಗಿ ಗಾಲ್ಫ್ ಚೆಂಡು ಹೊಡೆದೆ. ಹುಚ್ಚು ಹಿಡಿದಿದೆ. ಈಗ ನಿಜವಾದ ಕೋರ್ಸಿನಲ್ಲಿ ಒಂದು ರೌಂಡ್ ಆಡುವ ಆಸೆ. ಕ್ಲಬ್ಬಿನ ಸದಸ್ಯತ್ವ ನಮ್ಮಂಥವರಿಗೆ ಆಗುವ ಮಾತಲ್ಲ. ಸಂಬಳದವರು ಆಡುವಂಥ ಜಾಗ ಇಲ್ಲಿ ಇದೆಯಾ? ಅಂಗಡಿಯವನು 60 ಸಾವಿರದ ಗಾಲ್ಫ್ ಕೋಲುಗಳ ಸೆಟ್ ತಗೊಳ್ಳಿ ಅನ್ನುತ್ತಿದ್ದಾನೆ. ತಗೊಳ್ಳಲೇಬೇಕಾ? ಅಲ್ಲಿ ಬರುವವರು ನನ್ನ ಆಟ ನೋಡಿ ನಗುತ್ತಾರಾ? ಕೊನೆಯದಾಗಿ, ಮನೆಯವರು ಜೊತೆಗೆ ಬರಬಹುದಾ?

ಉತ್ತರ: ನಗುತ್ತಾರಾ ಎಂಬ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ಅದೇ ಬೇರು.

ಯಾರೂ ನಗುವುದಿಲ್ಲ. ಗಾಲ್ಫ್ ಆಡುವ ಪ್ರತಿಯೊಬ್ಬರೂ ನಿನ್ನೆಯೋ ಮೊನ್ನೆಯೋ ಚೆಂಡು ಬಿಟ್ಟು ಗಾಳಿಗೆ ಬೀಸಿದವರೇ. ಇಪ್ಪತ್ತು ವರ್ಷ ಆಡಿದವರೂ ಒಮ್ಮೊಮ್ಮೆ ಮಣ್ಣು ಅಗೆದು, ಚೆಂಡು ಇದ್ದಲ್ಲೇ ಇರುವುದನ್ನು ನೋಡಿ ಆಕಾಶ ದಿಟ್ಟಿಸುತ್ತಾರೆ. ಕೆಟ್ಟ ಆಟಕ್ಕೆ ಅಲ್ಲಿ ಕ್ಷಮೆ ಇದೆ. ನಿಧಾನಕ್ಕೆ ಇಲ್ಲ.

ನನ್ನ ಮೊದಲ ರೌಂಡ್ ಇನ್ನೂ ನೆನಪಿದೆ. ಆಗ ನನಗೆ ಮೂವತ್ತರ ಆಸುಪಾಸು, ಚೆಂಬೂರಿನಲ್ಲಿ ಬಾಡಿಗೆ ಮನೆ. ಆಫೀಸಿನ ಸಾಹೇಬರ ಅತಿಥಿಯಾಗಿ ಒಂದು ಕ್ಲಬ್ಬಿಗೆ ಹೋಗಿದ್ದೆ. ಎರಡನೇ ಹೋಲ್‌ನಲ್ಲೇ (ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಒಂದು ಹಂತಕ್ಕೆ ಹೋಲ್ ಅನ್ನುತ್ತಾರೆ) ಚೆಂಡು ಪೊದೆಗೆ ಹೋಯಿತು. ಹೊಸ ಚೆಂಡು. ಬಿಡಲು ಮನಸ್ಸಾಗಲಿಲ್ಲ. ಗದ್ದೆಯ ಕೆಸರಲ್ಲಿ ಕಳೆದ ಚಪ್ಪಲಿ ಹುಡುಕುವ ಹಾಗೆ ಬಗ್ಗಿ ಬಗ್ಗಿ ಹುಡುಕಿದೆ. ಹತ್ತು ನಿಮಿಷವಾಗಿರಬೇಕು. ತಲೆ ಎತ್ತಿದರೆ ಹಿಂದೆ ಎರಡು ಗುಂಪು ಸೊಂಟಕ್ಕೆ ಕೈಕೊಟ್ಟು ನಿಂತಿವೆ. ಬಿಳಿ ಮೀಸೆಯ ಹಿರಿಯರೊಬ್ಬರು ಅಷ್ಟು ದೂರ ನಡೆದು ಬಂದರು. ಕಿಸೆಯಿಂದ ಒಂದು ಹಳೆ ಚೆಂಡು ತೆಗೆದು ನನ್ನ ಕೈಗಿಟ್ಟರು. ಒಂದು ಮಾತೂ ಆಡದೆ ಹಿಂದೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಹಾಗಾಗಿ ನಿಮಗೆ ನಾನು ಹೇಳುವುದು ಇಷ್ಟೇ. ಮೊದಲ ರೌಂಡ್‌ನಲ್ಲಿ ಚೆನ್ನಾಗಿ ಆಡುವ ಯೋಚನೆ ಬಿಡಿ, ಅದು ಆಗುವುದೂ ಇಲ್ಲ. ಚುರುಕಾಗಿ ಆಡುವುದನ್ನು ಕಲಿತು ಹೋಗಿ. ಅದು ಮೊದಲ ದಿನವೇ ನಿಮ್ಮ ಕೈಯಲ್ಲಿರುತ್ತದೆ.

ಈಗ ಜಾಗದ ವಿಷಯ. ಮುಂಬೈಯಲ್ಲಿ ಗಾಲ್ಫ್ ಅಂದರೆ ಹೆಚ್ಚಾಗಿ ಗೇಟಿನ ಒಳಗಿನ ಆಟ. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರದ್ದು. ವಿಲಿಂಗ್ಡನ್ ಸ್ಪೋರ್ಟ್ಸ್ ಕ್ಲಬ್ 1918ರದ್ದು. ಕೊಲಾಬಾದ ತುದಿಯಲ್ಲಿ ಸಮುದ್ರದ ಪಕ್ಕ ಇರುವ ಯು.ಎಸ್. (ಯುನೈಟೆಡ್ ಸರ್ವಿಸಸ್) ಕ್ಲಬ್ ಸೇನೆಯವರದ್ದು. ಇಲ್ಲೆಲ್ಲ ಸದಸ್ಯರಾಗಿರಬೇಕು, ಇಲ್ಲವೇ ಸದಸ್ಯರು ಕೈಹಿಡಿದು ಕರೆದುಕೊಂಡು ಹೋಗಬೇಕು. ಪುಣೆಯಲ್ಲೂ ಹೆಚ್ಚುಕಮ್ಮಿ ಇದೇ ಕತೆ. ದಕ್ಷಿಣ ಗೋವಾದ ಕೆಲವು ರಿಸಾರ್ಟ್‌ಗಳಲ್ಲಿ ಸಣ್ಣ ಕೋರ್ಸ್‌ಗಳಿವೆ, ಆದರೆ ಅದು ರಜೆಯ ಖರ್ಚು.

ನಿಮ್ಮ ಅದೃಷ್ಟ ಚೆನ್ನಾಗಿದೆ. ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಮಾಡಿಸಿದ ಖಾರ್‌ಘರ್ ವ್ಯಾಲಿ ಗಾಲ್ಫ್ ಕೋರ್ಸ್ ನಿಮ್ಮ ಪಕ್ಕದ ಬಡಾವಣೆಯಲ್ಲೇ ಇದೆ. ಮಾನಸರೋವರ ಸ್ಟೇಷನ್ನಿನಿಂದ ಖಾರ್‌ಘರ್ ಒಂದೇ ಸ್ಟಾಪ್. 2023ರ ನವೆಂಬರ್‌ನಲ್ಲಿ ಶುರುವಾದ ನವಿ ಮುಂಬೈ ಮೆಟ್ರೋದಲ್ಲಿ ಬಂದರೆ ಸೆಂಟ್ರಲ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯಬಹುದು. ಆದರೆ ಬೆಳಗಿನ ಜಾವಕ್ಕೆ ನಿಮ್ಮ ಸ್ಕೂಟರೇ ಸರಿ. ಸದಸ್ಯರಲ್ಲದವರೂ ದುಡ್ಡು ಕಟ್ಟಿ ಆಡುವ ಕೋರ್ಸ್ ಇದು. ಪಾಂಡವಕಡಾ ಜಲಪಾತದ ಗುಡ್ಡಗಳು ಪಕ್ಕದಲ್ಲೇ ನಿಂತಿವೆ. ಘಟ್ಟದ ನೆರಳಲ್ಲಿ ಬೆಳೆದವರಿಗೆ ಅಲ್ಲಿ ಮೊದಲ ಹತ್ತು ನಿಮಿಷ ಚೆಂಡಿನ ಕಡೆ ಗಮನವೇ ಹೋಗುವುದಿಲ್ಲ. ಈ ಕೋರ್ಸ್ ಶುರುವಾದದ್ದು 11 ಹೋಲ್‌ಗಳಿಂದ. ಆಮೇಲೆ 18ಕ್ಕೆ ಹಿಗ್ಗಿಸುವ ಕೆಲಸ ಕೈಗೆತ್ತಿಕೊಂಡರು. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ, ಆ ದಿನ ಎಷ್ಟು ಹೋಲ್ ಆಡಲು ತೆರೆದಿದೆ ಎಂದು ಕೇಳಿಕೊಳ್ಳಿ.

ಅದೇ ಫೋನಿನಲ್ಲಿ ಖರ್ಚನ್ನೂ ಕೇಳಿ. ನೀವು ಅಕೌಂಟ್ಸ್‌ನವರು, ನಿಮಗೆ ಹೇಳಬೇಕಾಗಿಲ್ಲ, ಒಟ್ಟು ಎಷ್ಟು ಅಂತ ಕೇಳಿದರೆ ಆಡುವ ಶುಲ್ಕವಾದ ಗ್ರೀನ್ ಫೀ ಮಾತ್ರ ಹೇಳುತ್ತಾರೆ. ಬಾಬ್ತು ಬಿಡಿಸಿ ಕೇಳಿ: 9 ಹೋಲ್‌ಗೆ ಎಷ್ಟು, 18ಕ್ಕೆ ಎಷ್ಟು, ವಾರದ ದಿನಕ್ಕೂ ಶನಿವಾರ ಭಾನುವಾರಕ್ಕೂ ಎಷ್ಟು ವ್ಯತ್ಯಾಸ, ಬ್ಯಾಗ್ ಹೊತ್ತು ಜೊತೆಗೆ ಬರುವ ಕ್ಯಾಡಿಗೆ ಎಷ್ಟು, ಕ್ಲಬ್‌ಗಳನ್ನು, ಅಂದರೆ ಹೊಡೆಯುವ ಕೋಲುಗಳನ್ನು, ಬಾಡಿಗೆಗೆ ಕೊಡುತ್ತಾರಾ, ತೆರಿಗೆ ಸೇರಿ ಹೇಳಿದ್ದಾ ಬಿಟ್ಟು ಹೇಳಿದ್ದಾ. ನಾನಾದರೆ ಒಂದು ಬುಧವಾರ ರಜೆ ಹಾಕಿ 9 ಹೋಲ್ ಆಡುತ್ತೇನೆ. ಭಾನುವಾರದ ದರ ಜಾಸ್ತಿ, ಗದ್ದಲವೂ ಜಾಸ್ತಿ. ಹೊಸಬರಿಗೆ 18 ಹೋಲ್ ಬೇಡವೇ ಬೇಡ. ನಡೆದರೆ ಎಂಟು ಹತ್ತು ಕಿಲೋಮೀಟರ್ ಆಗುತ್ತದೆ, ನಾಲ್ಕು ಗಂಟೆಗೂ ಮೇಲೆ ಬೇಕು. ಹನ್ನೆರಡನೇ ಹೋಲ್ ಹೊತ್ತಿಗೆ ಕಾಲಿನ ಜೊತೆ ಬುದ್ಧಿಯೂ ಸೋತಿರುತ್ತದೆ.

ಇನ್ನು ಆ 60 ಸಾವಿರದ ಸೆಟ್. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಒಗೆದಿದ್ದೇನೆ. ಮೊದಲ ವರ್ಷವೇ ಒಂದು ಅಂಗಡಿಯವರ ಮಾತು ಕೇಳಿ, ಎರಡು ತಿಂಗಳ ಸಂಬಳ ಸುರಿದು ಪೂರ್ತಿ ಸೆಟ್ ತಂದೆ. ಅದರ 3 ಐರನ್ ಎಂಬ ಕೋಲು ಇವತ್ತಿಗೂ ಹೊಸದರ ಹಾಗೇ ಇದೆ. ಅಟ್ಟದ ಮೇಲೆ ಜೇಡರ ಬಲೆ ತೆಗೆಯಲು ಬಳಸುತ್ತೇವೆ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರಬಾರದು. ಕಡಿಮೆ ಎಷ್ಟಿದ್ದರೂ ತಕರಾರಿಲ್ಲ. ನಿಮಗೆ ಈಗ ಬೇಕಾದದ್ದು ನಾಲ್ಕು: ಮಧ್ಯಮ ದೂರಕ್ಕೆ ಒಂದು 7 ಐರನ್, ಹತ್ತಿರದ ಹೊಡೆತಕ್ಕೆ ಒಂದು ಪಿಚಿಂಗ್ ವೆಡ್ಜ್, ಗುಳಿಗೆ ಉರುಳಿಸಲು ಒಂದು ಪಟರ್, ದೂರಕ್ಕೆ ಒಂದು ಹೈಬ್ರಿಡ್. ಅತಿ ದೂರಕ್ಕೆ ಹೊಡೆಯುವ ಡ್ರೈವರ್ ಎಂಬ ಕೋಲು ಬೇಡ. ನೋಡಲು ಚಂದ, ಸದ್ದೂ ಚಂದ, ಆದರೆ ಹೊಸಬರ ಚೆಂಡನ್ನು ಬಲಕ್ಕೆ ತಿರುಗಿಸಿ ಪಕ್ಕದ ಹೋಲಿನ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಹಾದಿ) ಕಳಿಸುವುದು ಅದೇ. ಈ ನಾಲ್ಕನ್ನೂ ಬಾಡಿಗೆಗೆ ತಗೊಳ್ಳಿ, ಇಲ್ಲವೇ ಗೆಳೆಯರ ಹತ್ತಿರ ಕೇಳಿ. ಆರು ತಿಂಗಳ ಮೇಲೂ ಹುಚ್ಚು ಇಳಿಯದಿದ್ದರೆ ಸೆಕೆಂಡ್ ಹ್ಯಾಂಡ್ ನೋಡೋಣ.

ಚೆಂಡೂ ಹೊಸದು ಬೇಡ. ಹೊಂಡದಿಂದ, ಪೊದೆಯಿಂದ ಹೆಕ್ಕಿದ ಹಳೆ ಚೆಂಡುಗಳು ಕೋರ್ಸ್‌ಗಳ ಸುತ್ತಮುತ್ತ ಅಗ್ಗಕ್ಕೆ ಸಿಗುತ್ತವೆ. ಒಂದು ಡಜನ್ ಹಿಡಿದುಕೊಂಡು ಹೋಗಿ. ಬಟ್ಟೆಗೆ ಕಾಲರ್ ಇರುವ ಟೀ ಶರ್ಟ್ ಸಾಕು, ಜೀನ್ಸ್ ಬೇಡ. ಹಿಡಿತ ಇರುವ ಸ್ಪೋರ್ಟ್ಸ್ ಶೂ ನಡೆಯುತ್ತದೆ. ಟೋಪಿ ಮರೆಯಬೇಡಿ.

ಹೋಗುವ ಮೊದಲು ಮೂರು ವಾರ ರೇಂಜಿನಲ್ಲಿ 7 ಐರನ್ ಒಂದನ್ನೇ ಹೊಡೆಯಿರಿ. ಕ್ರಿಕೆಟ್ ಆಡಿ ಬೆಳೆದವರಿಗೆ ಇಲ್ಲಿ ಒಂದು ತೊಡಕಿದೆ. ಚೆಂಡನ್ನು ಎತ್ತಿ ಹೊಡೆಯಬೇಕು ಅಂತ ಮೈ ಹಿಂದಕ್ಕೆ ವಾಲುತ್ತದೆ. ಐರನ್ನಿನ ಮುಖಕ್ಕೇ ಓರೆ ಇದೆ, ಎತ್ತುವ ಕೆಲಸ ಅದು ಮಾಡುತ್ತದೆ. ನೀವು ಕೆಳಮುಖವಾಗಿ, ಚೆಂಡು ಮೊದಲು ಹುಲ್ಲು ಆಮೇಲೆ ಎನ್ನುವ ಹಾಗೆ ಹೊಡೆದರೆ ಚೆಂಡು ತಾನಾಗಿ ಏಳುತ್ತದೆ. ಮನೆಯಲ್ಲಿ ಚಾಪೆ ಹಾಸಿ ಮೂರಡಿ ದೂರದ ಲೋಟಕ್ಕೆ ಪಟ್ ಮಾಡಿ. ಸುಮ್ನೆ ಆಟ ಅಂದುಕೊಳ್ಳಬೇಡಿ, ನಿಮ್ಮ ಸ್ಕೋರಿನ ಮೂರರಲ್ಲಿ ಒಂದು ಪಾಲು ಪಟ್‌ಗಳೇ ಆಗಿರುತ್ತವೆ.

ಆ ದಿನ ಟೀ ಟೈಮಿಗಿಂತ, ಅಂದರೆ ಆಟ ಶುರು ಮಾಡಲು ನಿಮಗೆ ಕೊಟ್ಟ ಸಮಯಕ್ಕಿಂತ, ಮುಕ್ಕಾಲು ಗಂಟೆ ಮುಂಚೆ ಹೋಗಿ. ಗುಂಪುಗಳನ್ನು ಆಟಕ್ಕೆ ಬಿಡುವ ಸ್ಟಾರ್ಟರ್ ಹತ್ತಿರ ಹೆಸರು ಹೇಳಿ, ಇದು ನನ್ನ ಮೊದಲ ರೌಂಡ್ ಅಂತ ನಾಚಿಕೆ ಬಿಟ್ಟು ಹೇಳಿ. ಒಬ್ಬರೇ ಹೋದರೆ ಬೇರೆ ಯಾರದೋ ಗುಂಪಿಗೆ ಸೇರಿಸುತ್ತಾರೆ. ಅವರಿಗೂ ಅದನ್ನೇ ಹೇಳಿ. ಹೇಳಿದ ಮೇಲೆ ಜನ ಒಳ್ಳೆಯವರಾಗುತ್ತಾರೆ.

ದುಡ್ಡು ಉಳಿಸಲು ಎಲ್ಲಿ ಬೇಕಾದರೂ ಕೈ ಬಿಗಿ ಮಾಡಿ, ಕ್ಯಾಡಿಯ ವಿಷಯದಲ್ಲಿ ಬೇಡ. ನಮ್ಮಲ್ಲಿ ಹಿರಿಯ ಕ್ಯಾಡಿಗಳಿಗೆ ಕೋರ್ಸಿನ ಪ್ರತಿ ಏರುತಗ್ಗು ಕಾಲಿಗೆ ಗೊತ್ತು. ಚೆಂಡು ಎಲ್ಲಿ ಬಿತ್ತು ಅಂತ ನೋಡಲು ಮುಂದೆ ಹೋಗಿ ನಿಲ್ಲುವವನಿಗೆ ಆಗೇವಾಲಾ ಅನ್ನುತ್ತಾರೆ. ನಿಮ್ಮ ಗುಂಪಿನ ನಾಲ್ವರೂ ಸೇರಿ ಒಬ್ಬ ಆಗೇವಾಲಾನನ್ನು ಇಟ್ಟುಕೊಂಡರೆ ಹುಡುಕುವ ಸಮಯ ಅರ್ಧಕ್ಕರ್ಧ ಉಳಿಯುತ್ತದೆ, ತಲಾ ಖರ್ಚು ಒಂದು ತಿಂಡಿಯಷ್ಟೂ ಆಗುವುದಿಲ್ಲ. ಗ್ರೀನ್ ಮೇಲೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಕ್ಯಾಡಿ ‘ಸಾಬ್, ದೋ ಇಂಚ್ ಲೆಫ್ಟ್’ ಅಂದರೆ ವಾದ ಮಾಡದೆ ಎರಡು ಇಂಚು ಎಡಕ್ಕೆ ಹೊಡೆಯಿರಿ. ಈ ಕ್ಯಾಡಿಗಳನ್ನು ಬರೀ ಬ್ಯಾಗ್ ಹೊರುವವರು ಅಂದುಕೊಂಡವರಿಗೆ ನಾನು ಒಂದು ಹೆಸರು ಹೇಳುತ್ತೇನೆ: ಬೆಂಗಳೂರಿನ ಸಿ. ಮುನಿಯಪ್ಪ. ಕ್ಯಾಡಿಯಾಗಿದ್ದ ಈ ಮನುಷ್ಯ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ದಿಲ್ಲಿಯ ಅಲಿ ಶೇರ್ 1991ರಲ್ಲಿ ಅದೇ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ, ಅವರು ಬಂದದ್ದೂ ಅದೇ ದಾರಿಯಿಂದ. ‘ಏಯ್’ ಅಂತ ಕರೆಯಬೇಡಿ. ಮರಾಠಿಯಲ್ಲಿ ಅಣ್ಣ ಅನ್ನುವ ಹಾಗೆ ‘ಭಾವು’ ಅನ್ನಿ, ಹೆಸರು ಕೇಳಿಕೊಳ್ಳಿ. ಒಂಬತ್ತು ಹೋಲ್‌ನಲ್ಲಿ ಅವರಿಂದ ಕಲಿಯುವಷ್ಟು ಮೊಬೈಲ್ ವಿಡಿಯೋ ನೋಡಿ ಕಲಿಯಲಾಗುವುದಿಲ್ಲ.

ಈಗ ಚುರುಕಾಗಿ ಆಡುವುದು ಹೇಗೆ? ಓಡಬೇಕಾಗಿಲ್ಲ. ಹೊಡೆಯುವ ಕ್ಷಣದಲ್ಲಿ ಅವಸರವೂ ಬೇಡ. ಸಮಯ ಸೋರಿ ಹೋಗುವುದು ಹೊಡೆತಗಳ ನಡುವೆ.

ನಿಮ್ಮ ಸರದಿ ಬಂದ ಮೇಲೆ ಕ್ಲಬ್ ಆರಿಸಬೇಡಿ. ಬೇರೆಯವರು ಹೊಡೆಯುವಾಗಲೇ ದೂರ ನೋಡಿ, ಕ್ಲಬ್ ತೆಗೆದು, ಗ್ಲೌಸ್ ಹಾಕಿ ನಿಂತಿರಿ. ಅಭ್ಯಾಸಕ್ಕೆ ಒಂದೇ ಬೀಸು. ಸರದಿ ಬಂದ ಮೇಲೆ 40 ಸೆಕೆಂಡಿನಲ್ಲಿ ಹೊಡೆಯಬೇಕು ಅಂತ ನಿಯಮ ಪುಸ್ತಕವೇ ಸಲಹೆ ಕೊಡುತ್ತದೆ. ದೂರ ಇರುವವರೇ ಮೊದಲು ಹೊಡೆಯಬೇಕು ಎನ್ನುವ ಹಳೆಯ ಮರ್ಯಾದೆಯನ್ನೂ ಗೆಳೆಯರ ಆಟದಲ್ಲಿ ಬದಿಗಿಡಬಹುದು. ಯಾರು ತಯಾರಿದ್ದಾರೋ, ಮುಂದೆ ಯಾರೂ ಇಲ್ಲವೋ, ಅವರು ಹೊಡೆಯಲಿ. ಇದಕ್ಕೆ ರೆಡಿ ಗಾಲ್ಫ್ ಅನ್ನುತ್ತಾರೆ.

ಕಳೆದ ಚೆಂಡು ಹುಡುಕಲು ಮೊದಲು 5 ನಿಮಿಷ ಕೊಡುತ್ತಿದ್ದರು. 2019ರಿಂದ ಅದು 3 ನಿಮಿಷ. ಹೊಡೆದ ಕೂಡಲೇ ಚೆಂಡು ಸಿಗುವುದು ಅನುಮಾನ ಅನಿಸಿದರೆ, ‘ಪ್ರೊವಿಷನಲ್’ ಅಂತ ಗಟ್ಟಿಯಾಗಿ ಹೇಳಿ ಅಲ್ಲಿಂದಲೇ ಇನ್ನೊಂದು ಹೊಡೆದುಬಿಡಿ. ಮೊದಲಿನದು ಸಿಗದಿದ್ದರೆ ಇದನ್ನು ಆಡಿ. ಅಲ್ಲಿತನಕ ಹೋಗಿ, ಹುಡುಕಿ, ಸೋತು, ಮತ್ತೆ ಟೀಗೆ, ಅಂದರೆ ಮೊದಲ ಹೊಡೆತದ ಜಾಗಕ್ಕೆ, ವಾಪಸ್ ನಡೆಯುವವರನ್ನು ಕಂಡರೆ ಹಿಂದಿನ ಗುಂಪಿಗೆ ಮೈ ಉರಿಯುತ್ತದೆ. ಮೊದಲ ರೌಂಡ್‌ಗೆ ನಾನು ಇನ್ನೂ ಸಡಿಲ ಮಾಡುತ್ತೇನೆ: ಸಿಗಲಿಲ್ಲವೇ, ಅಲ್ಲೇ ಹತ್ತಿರ ಒಂದು ಚೆಂಡು ಬಿಟ್ಟು ಆಡಿ. ನಿಮ್ಮದು ಪಂದ್ಯವಲ್ಲ.

ಲೆಕ್ಕಕ್ಕೂ ಒಂದು ಕಡಿವಾಣ ಬೇಕು. ಪಾರ್ 4 ಹೋಲ್‌ನಲ್ಲಿ (ನುರಿತವರು ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) 8 ಹೊಡೆತ ಆಯಿತೇ, ಚೆಂಡು ಎತ್ತಿ ಕಿಸೆಗೆ ಹಾಕಿ. ಪಾರ್ 5ರಲ್ಲಿ 10, ಪಾರ್ 3ರಲ್ಲಿ 6. ಅಂದರೆ ಪಾರ್‌ನ ಎರಡು ಪಟ್ಟು. ಇದು ನಿಯಮವಲ್ಲ, ಹೊಸಬರ ಒಪ್ಪಂದ. ಸ್ಕೋರ್ ಕಾರ್ಡಿನಲ್ಲಿ ಒಂದು ಗೀಟು ಎಳೆದು ಮುಂದಿನ ಹೋಲಿಗೆ ನಡೆಯಿರಿ. ಹನ್ನೆರಡು, ಹದಿಮೂರು ಅಂತ ಎಣಿಸುತ್ತಾ ನಿಲ್ಲುವುದರಲ್ಲಿ ಏನು ಸುಖವಿದೆ?

ಗ್ರೀನ್ ಹತ್ತಿರ ಬಂದಾಗ ಬ್ಯಾಗನ್ನು ಮುಂದಿನ ಟೀಗೆ ಹೋಗುವ ದಾರಿಯ ಬದಿಗೇ ಇಡಿ. ಎಲ್ಲರೂ ಈ ಕಡೆ ಇಟ್ಟು, ಆಟ ಮುಗಿದ ಮೇಲೆ ತಿರುಗಿ ಬಂದು ತಗೊಳ್ಳುತ್ತಾರೆ. ಒಂಬತ್ತು ಗ್ರೀನ್‌ನಲ್ಲಿ ಒಂಬತ್ತು ಸಲ. ಪಟ್ ಮಾಡುವಾಗ ಬಾವುಟ ತೆಗೆಯುವುದೂ ಈಗ ಕಡ್ಡಾಯವಲ್ಲ, 2019ರಿಂದ ಅದು ಹೋಲ್‌ನಲ್ಲೇ ಇರಬಹುದು. ಸ್ಕೋರ್ ಬರೆಯುವುದು ಮುಂದಿನ ಟೀಯಲ್ಲಿ, ಗ್ರೀನ್ ಮೇಲೆ ನಿಂತಲ್ಲ. ಇಷ್ಟಾದರೂ ಹಿಂದಿನವರು ಕಾಯುತ್ತಿದ್ದರೆ, ಮುಂದೆ ಒಂದು ಹೋಲ್ ಖಾಲಿಯಿದ್ದರೆ, ಪಕ್ಕಕ್ಕೆ ನಿಂತು ಕೈ ಬೀಸಿ ಅವರನ್ನು ಮುಂದೆ ಬಿಡಿ. ಅದು ಸೋಲಲ್ಲ. ಘಟ್ಟದ ರಸ್ತೆಯಲ್ಲಿ ಲಾರಿಯವರು ಕಾರಿಗೆ ಸೈಡ್ ಕೊಡುವುದಿಲ್ಲವೇ, ಹಾಗೆ. ನಿಮ್ಮ ಮೇಲಿನ ಒತ್ತಡವೂ ಇಳಿಯುತ್ತದೆ.

ಒಂದೇ ಒಂದು ಕಡೆ ಅವಸರ ಬೇಡ. ಮುಂದಿನ ಗುಂಪು ನಿಮ್ಮ ಹೊಡೆತಕ್ಕೆ ಸಿಗದಷ್ಟು ದೂರ ಹೋಗುವವರೆಗೆ ಹೊಡೆಯಬೇಡಿ. ಚೆಂಡು ಯಾರ ಕಡೆಗಾದರೂ ಹೊರಟರೆ ‘ಫೋರ್’ ಅಂತ ಗಂಟಲು ಹರಿಯುವಂತೆ ಕೂಗಿ. ನಿಮಗೆ ಆ ಕೂಗು ಕೇಳಿಸಿದರೆ ತಿರುಗಿ ನೋಡಬೇಡಿ, ತಲೆ ಮೇಲೆ ಕೈ ಇಟ್ಟು ಕುಕ್ಕರಿಸಿ. ಗುಡುಗು ಮಿಂಚು ಬಂದರೆ ಆಟ ನಿಲ್ಲಿಸಿ ಹೊರಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ.

ನಿಯಮ ಈಗ ಇಷ್ಟು ಸಾಕು. ಬಿಳಿ ಗೂಟದ ಆಚೆ ಹೋದರೆ ಔಟ್, ಒಂದು ಹೊಡೆತದ ದಂಡ ಸೇರಿಸಿ ಮೊದಲಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಕೆಂಪು ಗೂಟದ ಹೊಂಡಕ್ಕೆ ಬಿದ್ದರೆ ಒಂದು ಹೊಡೆತ ದಂಡ, ಚೆಂಡು ಒಳಗೆ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದ ಹಾಗೆ, ಮೊಣಕಾಲಿನ ಎತ್ತರದಿಂದ ಚೆಂಡು ಬಿಟ್ಟು ಆಡಿ. ಮರಳು ತುಂಬಿದ ಗುಳಿಯಾದ ಬಂಕರಿನಿಂದ ಹೊರಬಂದ ಮೇಲೆ ನಿಮ್ಮ ಹೆಜ್ಜೆ ಗುರುತನ್ನು ಕುಂಟೆ ಎಳೆದು ಸರಿಮಾಡಿ. ಮತ್ತೆ ನಮ್ಮೂರಿನ ಒಂದು ವಿಶೇಷ: ಕಾಗೆ. ಚೆಂಡನ್ನು ಮೊಟ್ಟೆ ಅಂದುಕೊಳ್ಳುತ್ತದೋ ಏನೋ, ಕಣ್ಣೆದುರೇ ಕಚ್ಚಿಕೊಂಡು ಹಾರುತ್ತದೆ. ಅದಕ್ಕೆ ದಂಡವಿಲ್ಲ. ಚೆಂಡು ಇದ್ದ ಜಾಗದಲ್ಲಿ ಇನ್ನೊಂದು ಇಟ್ಟು ಆಡಿ.

ಯಾವ ತಿಂಗಳು ಒಳ್ಳೆಯದು? ನವೆಂಬರಿನಿಂದ ಫೆಬ್ರುವರಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಅಕ್ಟೋಬರಿನ ಸೆಖೆಯಲ್ಲಿ, ಏಪ್ರಿಲ್ ಮೇನಲ್ಲಿ ಬೆಳಗಿನ ಮೊದಲ ಟೀ ಟೈಮ್ ಬಿಟ್ಟು ಬೇರೆ ಬೇಡ. ಆದರೆ ನನಗೆ ಇಷ್ಟವಾದದ್ದು ಜುಲೈ ಆಗಸ್ಟಿನ ಮಳೆ ಬಿಟ್ಟ ಬೆಳಗು. ಜೋರು ಮಳೆಗೆ ಕೋರ್ಸ್ ಮುಚ್ಚಿರಬಹುದು, ಫೋನ್ ಮಾಡಿಯೇ ಹೊರಡಬೇಕು. ತೆರೆದಿದ್ದರೆ ಜನ ಕಡಿಮೆ, ಗುಡ್ಡದ ತುಂಬ ನೀರಿನ ಗೆರೆಗಳು. ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ತಾನು ಮಾಡಿದ ಗುಳಿಯಲ್ಲೇ ಹೂತುಹೋದ ಚೆಂಡನ್ನು, ಬಂಕರಿನಲ್ಲೋ ಹೊಂಡದ ಗಡಿಯೊಳಗೋ ಇಲ್ಲದಿದ್ದರೆ, ದಂಡವಿಲ್ಲದೆ ಎತ್ತಿ ಪಕ್ಕದಲ್ಲಿ ಬಿಡಬಹುದು. ನಿಂತ ಮಳೆ ನೀರಿನಿಂದಲೂ ಹಾಗೇ. ಕೈ ಒರೆಸಲು ಎರಡು ಟವೆಲ್ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ.

ಕೊನೆಗೆ ಮನೆಯವರ ಪ್ರಶ್ನೆ. ಆಡದವರು ಜೊತೆಗೆ ನಡೆಯಲು ಕೆಲವು ಕೋರ್ಸ್‌ಗಳಲ್ಲಿ ಬಿಡುತ್ತಾರೆ, ಕೆಲವು ಕಡೆ ಅದಕ್ಕೂ ಒಂದು ಶುಲ್ಕ, ಕೆಲವು ಕಡೆ ಬೇಡವೇ ಬೇಡ ಅನ್ನುತ್ತಾರೆ. ಬುಕ್ ಮಾಡುವಾಗಲೇ ಕೇಳಿ. ಬಿಟ್ಟರೆ ಶೂ ಹಾಕಿಕೊಂಡು ಬರಲಿ, ಹೊಡೆಯುವವರಿಗಿಂತ ಮುಂದೆ ಹೋಗದಿರಲಿ. ಆದರೆ ನನ್ನ ಅನುಭವ ಕೇಳಿದರೆ, ಮೊದಲ ರೌಂಡ್‌ಗೆ ಹೆಂಡತಿ ಪಕ್ಕದಲ್ಲಿ ಬೇಡ. ‘ಅದು ಅಲ್ಲೇ ಇತ್ತಲ್ಲ, ಹೇಗೆ ತಪ್ಪಿತು’ ಅಂತ ಒಂದು ಸಲ ಕೇಳಿದರೆ ಸಾಕು, ಮುಂದಿನ ಮೂರು ಹೋಲ್ ಹೋದ ಹಾಗೆ. ಹತ್ತಿರದಲ್ಲೇ ಖಾರ್‌ಘರ್‌ನ ಸೆಂಟ್ರಲ್ ಪಾರ್ಕ್ ಇದೆ. ನೀವು 9 ಹೋಲ್ ಮುಗಿಸುವ ಎರಡೂವರೆ ಗಂಟೆಯಲ್ಲಿ ಅವರು ಅಲ್ಲಿ ಆರಾಮಾಗಿ ಎರಡು ಸುತ್ತು ಹಾಕಬಹುದು. ನಿಮ್ಮ ಕಾಲು ಹಿಡಿದುಕೊಂಡಿರುತ್ತದೆ, ವಾಪಸ್ ಬರುವಾಗ ಸ್ಕೂಟರ್ ಅವರೇ ಓಡಿಸಲಿ.